ಹೆಡ್‌ಸೆಟ್ ಹಾಕಿದರೂ ಆವಾಜ್ ಹೋಗುತ್ತಿಲ್ಲವೇ? ಗೇಮಿಂಗ್ ಕನ್ಸೋಲ್‌ಗೆ ಮೈಕ್ ಜೋಡಿಸುವ ಪೂರ್ತಿ ದಾರಿ

"ಮಾಮಾ, ನನ್ನ ಆವಾಜ್ ಬರ್ಲತ್ತದೇನು, ಕೇಳು ಅವನಿಗೆ."

ಹೋದ ಬೇಸಿಗೆ ರಜೆಯಲ್ಲಿ ಈ ಮಾತನ್ನು ಕಡಿಮೆ ಅಂದರೂ ನೂರು ಸಲ ಕೇಳಿರಬೇಕು. ಅಕ್ಕನ ಮನೆ ಕಲಬುರಗಿಯಲ್ಲಿ. ಅಳಿಯನಿಗೆ 13 ವರ್ಷ. ಅವನಿಗೊಂದು ಸೆಕೆಂಡ್ ಹ್ಯಾಂಡ್ ಪಿಎಸ್4, ಅಂದರೆ ಪ್ಲೇಸ್ಟೇಷನ್ 4 ಗೇಮಿಂಗ್ ಕನ್ಸೋಲ್, ಕೊಡಿಸಿದ್ದೆವು. ಅವನ ದೊಡ್ಡಪ್ಪನ ಮಗ ಪುಣೆಯಲ್ಲಿದ್ದಾನೆ. ಇಬ್ಬರೂ ಕೂಡಿ ಆಡಬೇಕು, ಆಡುತ್ತಾ ಹರಟಬೇಕು, ಅಷ್ಟೇ ಆಸೆ. ಪುಣೆಯವನ ಮಾತು ಇಲ್ಲಿ ಚೆನ್ನಾಗಿ ಕೇಳುತ್ತಿತ್ತು. ಇಲ್ಲಿಂದ ಒಂದಕ್ಷರವೂ ಅಲ್ಲಿಗೆ ಹೋಗುತ್ತಿರಲಿಲ್ಲ. ನಾನು ಫೋನ್ ಹಿಡಿದುಕೊಂಡು ನಡುವೆ ಕೂತು "ಬಂತಾ? ಈಗ ಬಂತಾ?" ಅನ್ನುವುದು.

ಹೆಡ್‌ಸೆಟ್ ಕೆಟ್ಟಿದೆ ಅಂತ ನಾನೇ ತೀರ್ಪು ಕೊಟ್ಟೆ. ಮಟಮಟ ಮಧ್ಯಾಹ್ನ ಸೂಪರ್ ಮಾರ್ಕೆಟ್ ಪೇಟೆಗೆ ಹೋಗಿ ಇನ್ನೊಂದು ತಂದೆ. ಅದಕ್ಕೆ ಎರಡು ಪಿನ್, ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್‌ಗೆ ಒಂದೇ ತೂತು. ಮತ್ತೆ ಹೋಗಿ ಎರಡನ್ನು ಒಂದು ಮಾಡುವ ವೈರ್ ಕೇಳಿದೆ. ಅಂಗಡಿಯವರು ಕೊಟ್ಟಿದ್ದನ್ನು ತಂದೆ. ಅದೂ ತಪ್ಪು ವೈರ್. ಮೂರನೇ ಸಲ ಹೋಗುವ ಮೊದಲು ಫ್ಯಾನ್ ಕೆಳಗೆ ಕೂತು ಪಿನ್ನನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದೆ. ತೊಂದರೆ ಪೂರ್ತಿ ಅಲ್ಲೇ ಇತ್ತು. ಆ ಮೂರು ಸುತ್ತು ನಿಮಗೆ ತಪ್ಪಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ತಲೆಯಲ್ಲಿರಲಿ. ಹೆಡ್‌ಸೆಟ್ ಅಂದರೆ ಒಂದು ಸಾಮಾನಲ್ಲ, ಎರಡು. ಕಿವಿಗೆ ಬರುವ ಸದ್ದಿಗೆ ಒಂದು ದಾರಿ, ಬಾಯಿಂದ ಹೋಗುವ ಮಾತಿಗೆ ಇನ್ನೊಂದು ದಾರಿ. ಒಂದೇ ವೈರಿನಲ್ಲಿ ಇದ್ದರೂ ಎರಡೂ ಬೇರೆ ಬೇರೆ. ಒಂದು ಸರಿ ಇದೆ ಅಂದ ಮಾತ್ರಕ್ಕೆ ಇನ್ನೊಂದು ಸರಿ ಇದೆ ಅಂತಲ್ಲ. ಹಾಗಾಗಿ ಮೊದಲು ಕೇಳಿಸುವಂತೆ ಮಾಡಿ, ಆಮೇಲೆ ಮೈಕ್‌ಗೆ ಕೈ ಹಾಕಿ. ಎರಡನ್ನೂ ಒಟ್ಟಿಗೆ ಹುಡುಕಲು ಹೋದರೆ ಸಂಜೆಯಾಗುತ್ತದೆ.

ಕಪ್ಪು ಗೆರೆ ಎಣಿಸಿ

ಹೆಡ್‌ಸೆಟ್ ವೈರಿನ ತುದಿಯಲ್ಲಿರುವ ದುಂಡನೆಯ ಪಿನ್ 3.5 ಮಿಲಿಮೀಟರ್ ದಪ್ಪ ಇರುತ್ತದೆ. ಅದರ ಲೋಹದ ಮೇಲೆ ಸಣ್ಣ ಸಣ್ಣ ಕಪ್ಪು ಗೆರೆಗಳಿವೆ. ಕೆಲವದರಲ್ಲಿ ಬಿಳಿ ಇರಬಹುದು. ಅವನ್ನು ಎಣಿಸಿ.

ಎರಡು ಗೆರೆ ಇದ್ದರೆ ಪಿನ್ ಮೂರು ಭಾಗವಾಗಿದೆ: ಎಡಕಿವಿ, ಬಲಕಿವಿ, ಗ್ರೌಂಡ್ (ಕರೆಂಟ್ ವಾಪಸ್ ಹೋಗುವ ದಾರಿ). ಮೈಕ್‌ಗೆ ಅಲ್ಲಿ ಜಾಗವೇ ಇಲ್ಲ. ಕಡ್ಡಿಯಂತೆ ಉದ್ದ ಮೈಕ್ ಅಂಟಿಸಿಕೊಂಡ ಹೆಡ್‌ಸೆಟ್ ಆದರೂ ಸರಿ, ಈ ಪಿನ್‌ನಿಂದ ಮಾತು ದಾಟುವುದಿಲ್ಲ. ಮೂರು ಗೆರೆ ಇದ್ದರೆ ನಾಲ್ಕು ಭಾಗ: ಎಡ, ಬಲ, ಗ್ರೌಂಡ್, ಮೈಕ್. ಕನ್ಸೋಲ್ ಕಂಟ್ರೋಲರ್‌ಗೆ ಬೇಕಾದದ್ದು ಇದೇ. ಫೋನ್ ಜೊತೆ ಬರುತ್ತಿದ್ದ ಮೈಕ್ ಇರುವ ಇಯರ್‌ಫೋನ್‌ಗಳಲ್ಲಿಯೂ ಇದೇ ಪಿನ್. ಅಂದರೆ ಡ್ರಾಯರ್‌ನಲ್ಲಿ ಬಿದ್ದಿರುವ ಹಳೆಯ ಫೋನ್ ಇಯರ್‌ಫೋನ್ ಹಾಕಿದರೂ ಪಿಎಸ್4ನಲ್ಲಿ ಮಾತಾಡಬಹುದು. ಹೊಸದು ಕೊಳ್ಳುವ ಮೊದಲು ಇದನ್ನೇ ಹಾಕಿ ನೋಡಿ.

ಇದರಲ್ಲೂ ಒಂದು ತಕರಾರು ಉಂಟು. ಇವತ್ತಿನ ಹೆಡ್‌ಸೆಟ್‌ಗಳಲ್ಲಿ ತುದಿಯಿಂದ ಮೂರನೆಯ ಭಾಗ ಗ್ರೌಂಡ್, ಬುಡದ ಭಾಗ ಮೈಕ್. ತುಂಬಾ ಹಳೆಯ ಕೆಲವು ಫೋನ್ ಇಯರ್‌ಫೋನ್‌ಗಳಲ್ಲಿ ಇವೆರಡೂ ಅದಲು ಬದಲಾಗಿರುತ್ತವೆ. ಅಂಥದ್ದನ್ನು ಹಾಕಿದರೆ ಸದ್ದು ಬಾವಿಯೊಳಗಿಂದ ಬಂದ ಹಾಗಿರುತ್ತದೆ. ವೈರ್ ಮೇಲಿನ ಕಾಲ್ ಬಟನ್ ಒತ್ತಿ ಹಿಡಿದರೆ ಸದ್ದು ಸರಿಯಾಗುತ್ತದೆ, ಬಿಟ್ಟರೆ ಮತ್ತೆ ಕೆಡುತ್ತದೆ. ಹೀಗಾದರೆ ತಲೆ ಕೆಡಿಸಿಕೊಳ್ಳಬೇಡಿ, ಆ ಇಯರ್‌ಫೋನ್ ಬದಿಗಿಡಿ.

ಇನ್ನು ಎರಡು ಪಿನ್ ಇರುವ ಹೆಡ್‌ಸೆಟ್. ಒಂದು ಹಸಿರು, ಒಂದು ಗುಲಾಬಿ. ಇವು ಕಂಪ್ಯೂಟರ್‌ಗಾಗಿ ಮಾಡಿದ್ದು: ಹಸಿರು ಕಿವಿಗೆ, ಗುಲಾಬಿ ಮೈಕ್‌ಗೆ. ಕಂಟ್ರೋಲರ್‌ಗೆ ಹಾಕಲು ನಡುವೆ ಒಂದು ಅಡಾಪ್ಟರ್ ಬೇಕು. ನಾನು ಮುಗ್ಗರಿಸಿದ್ದು ಇಲ್ಲೇ. ಅಂಗಡಿಯಲ್ಲಿ ವೈ ಆಕಾರದ ವೈರುಗಳು ಮೂರು ಬಗೆ ಸಿಗುತ್ತವೆ, ಮೂರೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ.

ಒಂದು, ಇಬ್ಬರು ಒಂದೇ ಫೋನಿನಿಂದ ಹಾಡು ಕೇಳಲು ಮಾಡಿದ್ದು. ಎರಡು ತೂತಿಗೂ ಹೆಡ್‌ಫೋನ್ ಚಿತ್ರವೇ ಇರುತ್ತದೆ. ಅದು ಬೇಡ. ಇನ್ನೊಂದು, ಒಂದು ತೂತು ಎರಡು ಪಿನ್ ಇರುವುದು. ಫೋನ್ ಇಯರ್‌ಫೋನನ್ನು ಕಂಪ್ಯೂಟರ್‌ಗೆ ಹಾಕುವುದಕ್ಕೆ. ಅದೂ ಬೇಡ. ನಿಮಗೆ ಬೇಕಾದದ್ದು ಎರಡು ತೂತು, ಒಂದು ಪಿನ್. ಒಂದು ತೂತಿನ ಪಕ್ಕ ಹೆಡ್‌ಫೋನ್ ಚಿತ್ರ, ಇನ್ನೊಂದರ ಪಕ್ಕ ಮೈಕ್ ಚಿತ್ರ. ಮತ್ತು ಆ ಒಂದು ಪಿನ್‌ನ ಮೇಲೆ ಮೂರು ಕಪ್ಪು ಗೆರೆ. ಗೆರೆ ಎಣಿಸದೆ ದುಡ್ಡು ಕೊಡಬೇಡಿ. ಅಂಗಡಿಯವರು ನಕ್ಕರೆ ನಗಲಿ.

ಯಾವ ಕನ್ಸೋಲ್ ಏನನ್ನು ಒಪ್ಪುತ್ತದೆ

ಪಿನ್ ಹೆಡ್‌ಸೆಟ್ ಹೆಚ್ಚುಕಡಿಮೆ ಎಲ್ಲಕ್ಕೂ ನಡೆಯುತ್ತದೆ. ಪಿಎಸ್4, ಪಿಎಸ್5, ಎಕ್ಸ್‌ಬಾಕ್ಸ್‌ಗಳಲ್ಲಿ ಕಂಟ್ರೋಲರ್‌ಗೆ ಸಿಕ್ಕಿಸಬೇಕು, ನಿಂಟೆಂಡೋ ಕಂಪನಿಯ ಸ್ವಿಚ್‌ನಲ್ಲಿ ಕನ್ಸೋಲ್‌ಗೇ ಸಿಕ್ಕಿಸಬೇಕು. ಯಾವ ಕನ್ಸೋಲ್ ಇದೆ ಅಂತ ಗೊತ್ತಿಲ್ಲದೆ ಉಡುಗೊರೆ ಕೊಡುವುದಾದರೆ ಮೂರು ಗೆರೆಯ ಒಂದೇ ಪಿನ್ ಇರುವುದನ್ನು ತೆಗೆದುಕೊಳ್ಳಿ.

ಯುಎಸ್‌ಬಿ ಹೆಡ್‌ಸೆಟ್ ಮತ್ತು ಯುಎಸ್‌ಬಿ ಮೈಕ್ ಪ್ಲೇಸ್ಟೇಷನ್‌ಗಳಲ್ಲಿ ಸಾಮಾನ್ಯವಾಗಿ ಸಿಕ್ಕಿಸಿದ ಕೂಡಲೇ ಕೆಲಸ ಮಾಡುತ್ತವೆ. ಎಕ್ಸ್‌ಬಾಕ್ಸ್ ಹಾಗಲ್ಲ. ಕಂಪ್ಯೂಟರ್‌ಗೆಂದು ಮಾರುವ ಯುಎಸ್‌ಬಿ ಹೆಡ್‌ಸೆಟ್‌ಗಳನ್ನು ಅದು ಗುರುತಿಸುವುದೇ ಇಲ್ಲ. ಡಬ್ಬಿಯ ಮೇಲೆ ಎಕ್ಸ್‌ಬಾಕ್ಸ್‌ಗೆ ಅಂತ ಬರೆದಿದ್ದರೆ ಮಾತ್ರ ತೆಗೆದುಕೊಳ್ಳಿ. ವೈರ್‌ಲೆಸ್‌ಗೂ ಇದೇ ಮಾತು. ಪ್ಲೇಸ್ಟೇಷನ್‌ಗೆ ಮಾಡಿದ ವೈರ್‌ಲೆಸ್ ಹೆಡ್‌ಸೆಟ್ ಜೊತೆ ಡಾಂಗಲ್ ಅನ್ನುವ, ಪೆನ್ ಡ್ರೈವ್‌ನಂಥ ಒಂದು ಚಿಕ್ಕ ತುಂಡು ಬರುತ್ತದೆ. ಅದನ್ನು ಕನ್ಸೋಲ್‌ನ ಯುಎಸ್‌ಬಿ ತೂತಿಗೆ ಹಾಕಬೇಕು. ಆ ಡಾಂಗಲ್ ಎಕ್ಸ್‌ಬಾಕ್ಸ್‌ನಲ್ಲಿ ನಡೆಯುವುದಿಲ್ಲ. ಎಕ್ಸ್‌ಬಾಕ್ಸ್‌ಗೆ ತನ್ನದೇ ವೈರ್‌ಲೆಸ್ ಪದ್ಧತಿ ಇದೆ. ಎರಡೂ ಕಡೆ ನಡೆಯುವ ಮಾದರಿಗಳು ಇವೆ, ಆದರೆ ಡಬ್ಬಿಯ ಮೇಲೆ ಎರಡೂ ಹೆಸರು ಇರಬೇಕು.

ಈಗ ಎಲ್ಲರೂ ಕೇಳುವ ಪ್ರಶ್ನೆ. "ನನ್ನ ಹತ್ತಿರ ಬ್ಲೂಟೂತ್ ಇಯರ್‌ಬಡ್ ಇದೆ, ಅದನ್ನೇ ಹಾಕಲಾ?" ಪಿಎಸ್5 ಆಗಲಿ ಎಕ್ಸ್‌ಬಾಕ್ಸ್ ಆಗಲಿ ಅದನ್ನು ನೇರವಾಗಿ ಒಪ್ಪುವುದಿಲ್ಲ. ಮಜಾ ಅಂದರೆ ಹಳೆಯ ಪಿಎಸ್3ಗೆ ಬ್ಲೂಟೂತ್ ಹೆಡ್‌ಸೆಟ್ ಜೋಡಿಸಬಹುದಿತ್ತು. ಯಾಕೆ ಬಿಟ್ಟರು ಅನ್ನುವುದು ಕಂಪನಿಗೇ ಗೊತ್ತು. ಆದರೆ ಬ್ಲೂಟೂತ್‌ಗೆ ಗೇಮ್‌ನಲ್ಲಿ ಎರಡು ಕುಂದು ಇರುವುದಂತೂ ಖರೆ. ಸದ್ದು ತಡವಾಗಿ ಬರುತ್ತದೆ. ಸೆಕೆಂಡಿನ ಹತ್ತನೇ ಒಂದು ಭಾಗ, ಒಮ್ಮೊಮ್ಮೆ ಐದನೇ ಒಂದು ಭಾಗ ತಡ. ಹಾಡಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಗುಂಡು ಹಾರಿದ ಮೇಲೆ ಸದ್ದು ಬಂದರೆ ಏನು ಉಪಯೋಗ? ಇನ್ನೊಂದು, ಬ್ಲೂಟೂತ್‌ನಲ್ಲಿ ಮೈಕ್ ಶುರುವಾದ ಕೂಡಲೇ ಹೆಡ್‌ಸೆಟ್ ಹಾಡಿನ ರೀತಿಯಿಂದ ಫೋನ್ ಕಾಲ್ ರೀತಿಗೆ ಬದಲಾಗುತ್ತದೆ. ಆಗ ಗೇಮ್ ಸದ್ದೂ ಫೋನ್ ಕಾಲ್‌ನಂತೆ ಡಬ್ಬಾ ಆಗುತ್ತದೆ. ಪಿಎಸ್‌ಗೆ ಹಾಕುವ ಬ್ಲೂಟೂತ್ ಟ್ರಾನ್ಸ್‌ಮಿಟರ್ ಡಾಂಗಲ್‌ಗಳು ಸಿಗುತ್ತವೆ. ಒಬ್ಬರೇ ಆಡುವುದಾದರೆ ಸರಿ. ಮಾತಾಡಲೇಬೇಕು ಅಂದರೆ ಅದರ ಬದಲು ಒಂದು ಸಾದಾ ವೈರ್ ಹೆಡ್‌ಸೆಟ್ ತರುವುದೇ ಜಾಣತನ.

ಟೈಪ್-ಸಿ ಇಯರ್‌ಫೋನ್ ಇರುವವರಿಗೆ ಒಂದು ಮಾತು: ಅದನ್ನು ಪಿಎಸ್5 ಕಂಟ್ರೋಲರ್‌ನ ಚಾರ್ಜಿಂಗ್ ಕಿಂಡಿಗೆ ಸಿಕ್ಕಿಸಿದರೆ ಏನೂ ಕೇಳಿಸುವುದಿಲ್ಲ.

ಪಿಎಸ್4: ಅರ್ಧ ಊರಿನ ತೊಂದರೆ ಇಲ್ಲಿದೆ

ನಮ್ಮ ಕಡೆ ಸೆಕೆಂಡ್ ಹ್ಯಾಂಡ್‌ನಲ್ಲಿ ಓಡಾಡುವುದು ಇದೇ ಜಾಸ್ತಿ. ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1. ಕನ್ಸೋಲ್ ಆನ್ ಮಾಡಿ. ಯಾರ ಅಕೌಂಟ್‌ನಲ್ಲಿ ಆಡುತ್ತೀರೋ ಆ ಅಕೌಂಟ್‌ನ ಕಂಟ್ರೋಲರನ್ನೇ ಕೈಗೆ ತೆಗೆದುಕೊಳ್ಳಿ. ಇಬ್ಬರು ಆಡುವ ಮನೆಯಲ್ಲಿ ಹೆಡ್‌ಸೆಟ್ ಒಬ್ಬರ ಕಂಟ್ರೋಲರ್‌ಗೆ, ಮಾತಾಡುವುದು ಇನ್ನೊಬ್ಬರು, ಹೀಗಾಗುವುದು ಉಂಟು.

2. ಕಂಟ್ರೋಲರ್‌ನ ಕೆಳಬದಿಯಲ್ಲಿ, ನಿಮ್ಮ ಹೊಟ್ಟೆಯ ಕಡೆಗೆ ಇರುವ ದುಂಡನೆಯ ತೂತಿಗೆ ಪಿನ್ ಹಾಕಿ. "ಟಕ್" ಅನ್ನುವವರೆಗೆ ಒತ್ತಿ. ಕಂಟ್ರೋಲರ್‌ಗೆ ರಬ್ಬರ್ ಕವರ್ ಹಾಕಿದ್ದರೆ ಪಿನ್ ಪೂರ್ತಿ ಒಳಗೆ ಹೋಗುವುದಿಲ್ಲ. ಕೂದಲೆಳೆಯಷ್ಟು ಹೊರಗೆ ಉಳಿದರೂ ಒಂದೇ ಕಿವಿಗೆ ಕೇಳುತ್ತದೆ ಅಥವಾ ಮೈಕ್ ಸತ್ತಿರುತ್ತದೆ. ಕವರ್ ತೆಗೆದು ನೋಡಿ.

3. ಸೆಟ್ಟಿಂಗ್ಸ್, ಅದರಲ್ಲಿ ಡಿವೈಸಸ್, ಅದರಲ್ಲಿ ಆಡಿಯೋ ಡಿವೈಸಸ್. ಇನ್‌ಪುಟ್ ಡಿವೈಸ್ ಅಂದರೆ ಮೈಕ್, ಔಟ್‌ಪುಟ್ ಡಿವೈಸ್ ಅಂದರೆ ಕಿವಿ. ನಾನು ಮೊದಲು ಹೇಳಿದ ಎರಡು ದಾರಿ ಇವೇ. ಎರಡರಲ್ಲೂ ಕಂಟ್ರೋಲರ್‌ಗೆ ಜೋಡಿಸಿದ ಹೆಡ್‌ಸೆಟ್ ಅನ್ನುವುದನ್ನು ಆರಿಸಿ.

4. ಅಲ್ಲೇ ಕೆಳಗೆ ಔಟ್‌ಪುಟ್ ಟು ಹೆಡ್‌ಫೋನ್ಸ್ ಅಂತ ಇದೆ. ಚಾಟ್ ಆಡಿಯೋ ಅಂತಿದ್ದರೆ ಗೆಳೆಯರ ಮಾತು ಮಾತ್ರ ಕಿವಿಗೆ, ಗೇಮ್ ಸದ್ದು ಟಿವಿಗೆ. ಆಲ್ ಆಡಿಯೋ ಮಾಡಿದರೆ ಎಲ್ಲವೂ ಕಿವಿಗೆ, ಟಿವಿ ಸುಮ್ಮನಾಗುತ್ತದೆ. "ಹೆಡ್‌ಸೆಟ್ ಹಾಕಿದರೂ ಗೇಮ್ ಸದ್ದು ಬರುತ್ತಿಲ್ಲ" ಅನ್ನುವ ದೂರಿಗೆ ಹೆಚ್ಚಿನ ಸಲ ಇದೊಂದೇ ಕಾರಣ. ಆಲ್ ಆಡಿಯೋ ಮಾಡಿಕೊಳ್ಳಿ. ಮಧ್ಯಾಹ್ನ ಮನೆಯವರು ಮಲಗಿದ್ದಾಗ ನಿಮಗೇ ಪುಣ್ಯ.

5. ಈಗ ಅಡ್ಜಸ್ಟ್ ಮೈಕ್ರೋಫೋನ್ ಲೆವೆಲ್. ಮಾತಾಡಿದಾಗ ಪಟ್ಟಿ ಕುಣಿಯಬೇಕು. ಕುಣಿಯದಿದ್ದರೆ ಮೇಲಿನ ಮೂರು ಹೆಜ್ಜೆಗೆ ವಾಪಸ್. ಮಾಮೂಲಿ ದನಿಯಲ್ಲಿ ಮಾತಾಡಿದಾಗ ಪಟ್ಟಿ ಪರದೆ ಮೇಲೆ ತೋರಿಸುವ ಒಳ್ಳೆಯ ಭಾಗದೊಳಗೇ ಇರಬೇಕು. ಪೂರ್ತಿ ಏರಿಸಿದರೆ ಎದುರಿನವರಿಗೆ ನಿಮ್ಮ ಮಾತು ಜಾತ್ರೆಯ ಲೌಡ್‌ಸ್ಪೀಕರ್ ತರಹ ಒಡೆದು ಕೇಳುತ್ತದೆ. ನಮ್ಮ ಅಳಿಯ ಕಿರುಚಿ ಕಿರುಚಿ ಲೆವೆಲ್ ಹೊಂದಿಸಿದ್ದ. ಆಮೇಲೆ ಮಾಮೂಲಿ ದನಿ ಯಾರಿಗೂ ಕೇಳಲಿಲ್ಲ.

ವೈರಿನ ಮೇಲೆ ಒಂದು ಪುಟ್ಟ ಡಬ್ಬಿ, ಅದರಲ್ಲಿ ಒಂದು ಜಾರುವ ಬಟನ್ ಇದ್ದರೆ ಅದು ಮ್ಯೂಟ್. ಕೆಲವು ಹೆಡ್‌ಸೆಟ್‌ಗಳಲ್ಲಿ ಮೈಕ್ ಕಡ್ಡಿಯನ್ನು ಮೇಲಕ್ಕೆ ಎತ್ತಿದರೆ ತಾನೇ ಮ್ಯೂಟ್ ಆಗುತ್ತದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಇದನ್ನು ನೋಡದೆ ನಾನು ಒಂದು ತಾಸು ಸೆಟ್ಟಿಂಗ್ಸ್ ತಿರುವಿದ್ದೇನೆ.

ಪಿಎಸ್5

ಇಲ್ಲಿ ಕೆಲಸ ಸುಲಭ. ಕಂಟ್ರೋಲರ್‌ನಲ್ಲೇ ಮೈಕ್ ಇರುವುದರಿಂದ ಹೆಡ್‌ಸೆಟ್ ಇಲ್ಲದೆಯೂ ಮಾತಾಡಬಹುದು. ಆದರೆ ಬಟನ್ ಒತ್ತುವ ಟಿಕ್ ಟಿಕ್, ಟಿವಿ ಸದ್ದು ಎಲ್ಲವೂ ಅದರೊಳಗೆ ಹೋಗುತ್ತದೆ.

ಪಿನ್ ಹಾಕುವುದು ಕೆಳಬದಿಯ ತೂತಿಗೇ. ಆಮೇಲೆ ಪಿಎಸ್ ಬಟನ್ ಒಂದು ಸಲ ಒತ್ತಿ. ಕೆಳಗಡೆ ಬರುವ ಸಾಲಿನಲ್ಲಿ ಸ್ಪೀಕರ್ ಗುರುತು ಮತ್ತು ಮೈಕ್ ಗುರುತು ಇವೆ. ಮತ್ತೆ ಅದೇ ಎರಡು ದಾರಿ. ವಿವರವಾಗಿ ಬೇಕಾದರೆ ಸೆಟ್ಟಿಂಗ್ಸ್‌ನಲ್ಲಿ ಸೌಂಡ್. ಅಲ್ಲಿ ಮೈಕ್ರೋಫೋನ್ ಬೇರೆ, ಆಡಿಯೋ ಔಟ್‌ಪುಟ್ ಬೇರೆ. ಆಲ್ ಆಡಿಯೋ, ಚಾಟ್ ಆಡಿಯೋ ಆಯ್ಕೆ ಇಲ್ಲೂ ಇದೆ.

ನೆನಪಿಡಬೇಕಾದ ಬಟನ್ ಒಂದೇ. ಪಿಎಸ್ ಬಟನ್ ಕೆಳಗೆ ಒಂದು ಚಿಕ್ಕ ಅಡ್ಡ ಬಟನ್ ಇದೆ. ಅದು ಕಿತ್ತಳೆ ಬಣ್ಣದಲ್ಲಿ ಉರಿಯುತ್ತಿದ್ದರೆ ಮೈಕ್ ಬಂದ್ ಇದೆ ಅಂತ ಅರ್ಥ. ದೀಪ ಹತ್ತಿದರೆ ಚಾಲೂ ಅಂದುಕೊಳ್ಳುವುದು ನಮ್ಮ ರೂಢಿ, ಇಲ್ಲಿ ತದ್ವಿರುದ್ಧ. ಒಮ್ಮೆ ಒತ್ತಿದರೆ ಮೈಕ್ ಬಂದ್. ಒತ್ತಿ ಹಿಡಿದರೆ ಮೈಕ್ ಜೊತೆ ಸದ್ದೂ ಬಂದ್. ಆಡುವ ಭರದಲ್ಲಿ ಹೆಬ್ಬೆರಳು ತಾಗಿ ಇದು ಆಗುತ್ತಲೇ ಇರುತ್ತದೆ.

ಯುಎಸ್‌ಬಿ ಹೆಡ್‌ಸೆಟ್ ಅಥವಾ ಡಾಂಗಲ್ ಆದರೆ ಕನ್ಸೋಲ್‌ನ ಮುಂದಿನ ಅಥವಾ ಹಿಂದಿನ ಯುಎಸ್‌ಬಿಗೆ ಹಾಕಿ. ಮೊದಲು ಬಂದ ಪಿಎಸ್5ನ ಮುಂದೆ ಒಂದು ಅಗಲ ಯುಎಸ್‌ಬಿ, ಒಂದು ಟೈಪ್-ಸಿ. ಆಮೇಲೆ ಬಂದ ಸ್ಲಿಮ್‌ನಲ್ಲಿ ಮುಂದೆ ಎರಡೂ ಟೈಪ್-ಸಿ, ಅಗಲದವು ಹಿಂದೆ. ಡಾಂಗಲ್ ಹಿಂದೆ ಹಾಕಿ ಕನ್ಸೋಲನ್ನು ಕಬ್ಬಿಣದ ಸ್ಟ್ಯಾಂಡ್‌ನೊಳಗೆ ತಳ್ಳಿದರೆ ಸದ್ದು ಕಡಿದು ಕಡಿದು ಬರಬಹುದು.

ಡಬ್ಬಿಯ ಮೇಲೆ 7.1 (ಸುತ್ತಲಿಂದ ಸದ್ದು ಬಂದ ಹಾಗೆ ಕೇಳಿಸುವ ಸರೌಂಡ್) ಅಂತ ಬರೆದಿದ್ದಕ್ಕೆ ಜಾಸ್ತಿ ದುಡ್ಡು ಕೊಡುವ ಮುನ್ನ ಯೋಚಿಸಿ. ಪಿಎಸ್5ನ 3ಡಿ ಆಡಿಯೋ ಸಾದಾ ಎರಡು ಕಿವಿಯ ಹೆಡ್‌ಸೆಟ್‌ನಲ್ಲೂ ಕೆಲಸ ಮಾಡುತ್ತದೆ. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆನ್ ಮಾಡಿ, ನಿಮ್ಮ ಕಿವಿಗೆ ಹೊಂದುವ ಪ್ರೊಫೈಲ್ ಆರಿಸಿಕೊಂಡರೆ ಸಾಕು. ಹಿಂದಿನಿಂದ ಹೆಜ್ಜೆ ಸದ್ದು ಬಂದಾಗ ತಿರುಗಿ ನೋಡುತ್ತೀರಿ.

ಎಕ್ಸ್‌ಬಾಕ್ಸ್

2013ರ ಮೊದಲ ಎಕ್ಸ್‌ಬಾಕ್ಸ್ ಒನ್ ಜೊತೆ ಬಂದ ಕಂಟ್ರೋಲರ್‌ನಲ್ಲಿ ದುಂಡನೆಯ ತೂತೇ ಇಲ್ಲ. ಚೌಕಾಕಾರದ ಕಿಂಡಿ ಮಾತ್ರ ಇದೆ. ಅದಕ್ಕೆ ಸ್ಟೀರಿಯೋ ಹೆಡ್‌ಸೆಟ್ ಅಡಾಪ್ಟರ್ ಅಂತ ಬೇರೆ ಬರುತ್ತದೆ. 2015ರಿಂದ ಈಚಿನ ಕಂಟ್ರೋಲರ್‌ಗಳಲ್ಲಿ 3.5 ಮಿಲಿಮೀಟರ್ ತೂತು ಇದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಕೆಳಬದಿ ತಿರುಗಿಸಿ ನೋಡಿ. ಇನ್ನೂ ಹಳೆಯ ಎಕ್ಸ್‌ಬಾಕ್ಸ್ 360ನದು 2.5 ಮಿಲಿಮೀಟರ್ ತೂತು. ನಮ್ಮ ಪಿನ್ ಅದರೊಳಗೆ ಹೋಗುವುದೇ ಇಲ್ಲ.

ಪಿನ್ ಹಾಕಿದ ಮೇಲೆ ಸೆಟ್ಟಿಂಗ್ಸ್, ಜನರಲ್, ವಾಲ್ಯೂಮ್ ಅಂಡ್ ಆಡಿಯೋ ಔಟ್‌ಪುಟ್. ಇಲ್ಲಿ ಹೆಡ್‌ಸೆಟ್‌ನ ಸದ್ದು, ಗೇಮ್ ಮತ್ತು ಮಾತಿನ ಪ್ರಮಾಣ ಹೊಂದಿಸುವ ಚಾಟ್ ಮಿಕ್ಸರ್, ಮೈಕ್ ಮಾನಿಟರಿಂಗ್ ಮೂರನ್ನೂ ನೋಡಿಕೊಳ್ಳಿ. ಮೈಕ್ ಮಾನಿಟರಿಂಗ್ ಅಂದರೆ ನಿಮ್ಮ ದನಿ ನಿಮ್ಮ ಕಿವಿಗೇ ಬರುವುದು. ಅದು ಕೇಳುತ್ತಿದ್ದರೆ ಮೈಕ್ ಬದುಕಿದೆ ಅಂತ ಯಾರನ್ನೂ ಕೇಳದೆ ಗೊತ್ತಾಗುತ್ತದೆ. ನನಗೆ ಎಕ್ಸ್‌ಬಾಕ್ಸ್‌ನಲ್ಲಿ ಇಷ್ಟವಾದದ್ದು ಇದೇ. ಪಿಎಸ್‌ನಂತೆ ಇಲ್ಲಿ ಟಿವಿ ತಾನಾಗಿ ಸುಮ್ಮನಾಗದಿದ್ದರೆ, ಹೆಡ್‌ಸೆಟ್ ಹಾಕಿದಾಗ ಸ್ಪೀಕರ್ ಮ್ಯೂಟ್ ಮಾಡುವ ಆಯ್ಕೆಯನ್ನು ಇದೇ ಪುಟದಲ್ಲಿ ಹುಡುಕಿ. ವಿಂಡೋಸ್ ಸೋನಿಕ್ ಅನ್ನುವ ಸರೌಂಡ್ ಸದ್ದು ಪುಕ್ಕಟೆ ಇದೆ.

ಎಲ್ಲ ಸರಿ ಇದ್ದೂ ಮೈಕ್ ಬರದಿದ್ದರೆ ಕಂಟ್ರೋಲರ್ ಅಪ್‌ಡೇಟ್ ಮಾಡಿ. ಡಿವೈಸಸ್ ಅಂಡ್ ಕನೆಕ್ಷನ್ಸ್, ಆಕ್ಸೆಸರೀಸ್. ಯುಎಸ್‌ಬಿ ಕೇಬಲ್ ಹಾಕಿಕೊಂಡೇ ಮಾಡಿ, ನಡುವೆ ಸೆಲ್ ಮುಗಿಯಬಾರದು.

ಸ್ವಿಚ್

ಇಲ್ಲಿ ಮಾತು ಚಿಕ್ಕದು. ತೂತು ಕನ್ಸೋಲ್‌ನ ಮೇಲ್ಬದಿಯಲ್ಲಿದೆ. ಬ್ಲೂಟೂತ್ ಸದ್ದು 2021ರ ಸೆಪ್ಟೆಂಬರ್‌ನ 13.0.0 ಅಪ್‌ಡೇಟ್‌ನಿಂದ ಬಂತು, ಆದರೆ ಮೊದಲ ಸ್ವಿಚ್‌ನಲ್ಲಿ ಬ್ಲೂಟೂತ್ ಮೈಕ್ ನಡೆಯುವುದಿಲ್ಲ. ಫೋರ್ಟ್‌ನೈಟ್‌ನಂಥ ಕೆಲವು ಗೇಮ್‌ಗಳಲ್ಲಿ ಪಿನ್ ಹೆಡ್‌ಸೆಟ್ ಹಾಕಿ ಮಾತಾಡಬಹುದು. ಮೊದಲ ಸ್ವಿಚ್‌ನಲ್ಲಿ ನಿಂಟೆಂಡೋದ್ದೇ ಆದ ಗೇಮ್‌ಗಳಲ್ಲಿ ಮಾತಿಗೆ ಫೋನ್ ಆ್ಯಪ್ ಬೇಕು. ಅದರ ಬದಲು ಸುಮ್ನೆ ಫೋನ್ ಕಾಲ್ ಮಾಡಿಕೊಂಡು ಆಡುವುದೇ ಹಗುರ ಅಂತ ನನ್ನ ಅಭಿಪ್ರಾಯ.

ಇನ್ನೂ ಬರುತ್ತಿಲ್ಲವೇ? ಈ ಕ್ರಮದಲ್ಲಿ ಹುಡುಕಿ

ಮೊದಲು ಹೆಡ್‌ಸೆಟನ್ನು ಫೋನ್‌ಗೆ ಹಾಕಿ. ತೂತು ಇರುವ ಹಳೆಯ ಫೋನ್ ಮನೆಯಲ್ಲಿ ಯಾರ ಹತ್ತಿರವಾದರೂ ಇರುತ್ತದೆ. ವಾಯ್ಸ್ ರೆಕಾರ್ಡರ್ ತೆರೆದು ಮೈಕ್ ಕಡ್ಡಿಯನ್ನು ಉಗುರಿನಿಂದ ಮೆಲ್ಲಗೆ ತಟ್ಟಿ, ಆಮೇಲೆ ಕೇಳಿ. ಟಕ್ ಟಕ್ ಜೋರಾಗಿ ಕೇಳಿಸಿದರೆ ಮೈಕ್ ಸರಿ ಇದೆ. ದೂರದಿಂದ ಕೇಳಿಸಿದರೆ ರೆಕಾರ್ಡ್ ಆಗಿದ್ದು ಫೋನ್‌ನದೇ ಮೈಕ್‌ನಿಂದ. ಸುಮ್ಮನೆ ಹಲೋ ಅಂದು ಪರೀಕ್ಷೆ ಮಾಡಿದರೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಫೋನ್‌ನಲ್ಲಿ ಸರಿ, ಕನ್ಸೋಲ್‌ನಲ್ಲಿ ಇಲ್ಲ ಅಂದರೆ ಬೇರೆ ಕಂಟ್ರೋಲರ್‌ಗೆ ಹಾಕಿ ನೋಡಿ. ಅಲ್ಲಿ ಬಂದರೆ ಮೊದಲ ಕಂಟ್ರೋಲರ್‌ನ ತೂತಿನಲ್ಲಿ ತೊಂದರೆ. ಟಾರ್ಚ್ ಬಿಟ್ಟು ನೋಡಿ. ನಮ್ಮ ಊರಿನ ಧೂಳು ಎಲ್ಲಿಗೂ ನುಗ್ಗುತ್ತದೆ. ಕಂಟ್ರೋಲರ್ ಆಫ್ ಮಾಡಿ, ಒಣಗಿದ ಸಣ್ಣ ಬ್ರಷ್ ಅಥವಾ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಸೂಜಿ, ಪಿನ್ನು ಬೇಡ. ಬಾಯಿಂದ ಊದುವುದೂ ಬೇಡ, ಎಂಜಲಿನ ಹನಿ ಒಳಗೆ ಹೋಗುತ್ತದೆ.

ಎರಡೂ ಕಂಟ್ರೋಲರ್‌ನಲ್ಲಿ ಬರದಿದ್ದರೆ ದೋಷ ವೈರಿನದಲ್ಲ. ಪಾರ್ಟಿಯಲ್ಲಿ, ಅಂದರೆ ಕನ್ಸೋಲ್‌ನಲ್ಲಿ ಗೆಳೆಯರು ಸೇರಿ ಮಾತಾಡುವ ಗುಂಪಿನಲ್ಲಿ, ಇದ್ದೀರಾ ನೋಡಿ. ಪಾರ್ಟಿ ಚಾಟ್‌ನಲ್ಲಿ ಕೂತಿರುವಾಗ ಗೇಮ್ ಒಳಗಿನ ಚಾಟ್‌ಗೆ ನಿಮ್ಮ ಮಾತು ಹೋಗುವುದಿಲ್ಲ. ಎದುರಿನವರು ಗೇಮ್ ಚಾಟ್‌ನಲ್ಲಿ, ನೀವು ಪಾರ್ಟಿಯಲ್ಲಿ. ಇಬ್ಬರೂ ಒಬ್ಬರನ್ನೊಬ್ಬರು ಬೈಯುತ್ತೀರಿ, ಇಬ್ಬರಿಗೂ ಕೇಳುವುದಿಲ್ಲ!

ಮಕ್ಕಳ ಅಕೌಂಟ್ ಆದರೆ ಇನ್ನೊಂದು ಬೀಗ ಇದೆ. ಪಿಎಸ್‌ನಲ್ಲೂ ಎಕ್ಸ್‌ಬಾಕ್ಸ್‌ನಲ್ಲೂ ಮಕ್ಕಳ ಅಕೌಂಟ್‌ಗೆ ಮಾತುಕತೆಯನ್ನು ಮನೆಯ ಹಿರಿಯರ ಅಕೌಂಟ್‌ನಿಂದ ತಡೆಯಬಹುದು. ಪಿಎಸ್5ನಲ್ಲಿ ಸೆಟ್ಟಿಂಗ್ಸ್‌ನ ಫ್ಯಾಮಿಲಿ ಅಂಡ್ ಪೇರೆಂಟಲ್ ಕಂಟ್ರೋಲ್ಸ್ ಒಳಗೆ, ಎಕ್ಸ್‌ಬಾಕ್ಸ್‌ನಲ್ಲಿ ಅಕೌಂಟ್‌ನ ಪ್ರೈವೆಸಿ ಪುಟದಲ್ಲಿ ಇದು ಸಿಗುತ್ತದೆ. ಎಕ್ಸ್‌ಬಾಕ್ಸ್‌ನಲ್ಲಿ ಎಲ್ಲರ ಜೊತೆ, ಗೆಳೆಯರ ಜೊತೆ ಮಾತ್ರ ಅಂತ ಬೇರೆ ಬೇರೆ ಆಯ್ಕೆ ಇದೆ. ಗೆಳೆಯರ ಪಟ್ಟಿಗೆ ಮಾತ್ರ ಬಿಡುವುದು ಒಳ್ಳೆಯದು. ಅಕ್ಕ ಈ ವಿಷಯದಲ್ಲಿ ಗಟ್ಟಿ. "ಗುರ್ತಿಲ್ಲದವರ ಸಂಗಟ ಮಾತ್ ಬ್ಯಾಡ" ಅಂದಳು, ಅಷ್ಟೇ. ಪಟ್ಟಿಯಲ್ಲಿ ಈಗ ನಾಲ್ಕೇ ಜನ.

ಗುಂಯ್ ಅನ್ನುವ ಸದ್ದು ಬಂದರೆ ಕಂಟ್ರೋಲರ್‌ನ ಚಾರ್ಜಿಂಗ್ ವೈರ್ ತೆಗೆದು ನೋಡಿ. ಅಗ್ಗದ ಫೋನ್ ಚಾರ್ಜರ್‌ಗೆ ಹಾಕಿ ಆಡುವಾಗ ಈ ಸದ್ದು ಬರುವುದುಂಟು. ತೆಗೆದ ಕೂಡಲೇ ನಿಂತರೆ ತಪ್ಪು ಹೆಡ್‌ಸೆಟ್‌ನದಲ್ಲ. ಆಡುವ ಮೊದಲೇ ಚಾರ್ಜ್ ಮಾಡಿಟ್ಟುಕೊಳ್ಳಿ.

ಮೈಕ್ ಸರಿ ಇದೆ, ಮನೆಯೇ ಸದ್ದು ಮಾಡುತ್ತದೆ

ಎಲ್ಲ ಸರಿಯಾದ ದಿನ ಪುಣೆಯಿಂದ ಬಂದ ಮೊದಲ ಮಾತು, "ನೀ ವಿಮಾನದಾಗ ಕುಂತೀಯೇನೋ?" ಏನಂದರೆ, ಕೂಲರ್. ಏಪ್ರಿಲ್, ಮೇ ತಿಂಗಳು, 42 ಡಿಗ್ರಿ ಬಿಸಿಲು. ಕೂಲರ್ ಬಂದ್ ಮಾಡು ಅಂತ ಯಾವ ಬಾಯಿಂದ ಹೇಳುವುದು? ಬಂದ್ ಮಾಡಬೇಕಾಗಿಲ್ಲ. ಕೂಲರ್ ಗಾಳಿ ನೇರವಾಗಿ ಮೈಕ್‌ಗೆ ಬಡಿಯದಂತೆ ಕೂತರೆ ಅರ್ಧ ಸದ್ದು ಹೋಗುತ್ತದೆ. ಮುಖಕ್ಕೆ ಗಾಳಿ ಬೇಡ, ಬೆನ್ನಿಗೆ ಬರಲಿ. ಮೈಕ್ ತುದಿಗೆ ಸ್ಪಂಜಿನ ಟೋಪಿ ಇದ್ದರೆ ಕಿತ್ತು ಬಿಸಾಡಬೇಡಿ, ಅದು ಗಾಳಿ ತಡೆಯಲೆಂದೇ ಇದೆ. ಮೈಕನ್ನು ಬಾಯಿಯ ಎದುರಿಗೆ ಇಡದೆ ಬಾಯಿಯ ಮೂಲೆಗೆ, ಎರಡು ಬೆರಳು ದೂರದಲ್ಲಿ ಇಡಿ. ಹತ್ತಿರ ಇಟ್ಟು ಮೈಕ್ ಲೆವೆಲ್ ಇಳಿಸಿದರೆ ನಿಮ್ಮ ದನಿ ಉಳಿಯುತ್ತದೆ, ಕೂಲರ್ ಹಿಂದೆ ಸರಿಯುತ್ತದೆ. ನಾವು ಮಾಡುವುದು ಉಲ್ಟಾ: ಮೈಕ್ ಗಲ್ಲದ ಕೆಳಗೆ, ಲೆವೆಲ್ ಪೂರ್ತಿ ಮೇಲೆ.

ಇನ್ನು ಕೋಣೆ. ಶಹಾಬಾದ್ ಫರಸಿ ಹಾಕಿದ ನೆಲ, ಬರಿ ಗೋಡೆ. ಬೇಸಿಗೆಯಲ್ಲಿ ಕಾಲಿಗೆ ತಂಪು, ಆದರೆ ಮಾತು ಕಲ್ಲಿಗೆ ಬಡಿದು ವಾಪಸ್ ಬಂದು ಮೈಕ್‌ಗೆ ಸೇರುತ್ತದೆ. ಅದಕ್ಕೆ ಸ್ಟುಡಿಯೋ ಸಾಮಾನು ಬೇಕಿಲ್ಲ. ನೆಲಕ್ಕೆ ಒಂದು ಜಮಖಾನ, ಎದುರಿನ ಗೋಡೆಗೆ ಒಂದು ದಪ್ಪ ಕೌದಿ. ಅಮ್ಮ ಹೊಲಿದ ಕೌದಿಯನ್ನು ಗೋಡೆಗೆ ತೂಗುಹಾಕಿದ್ದಕ್ಕೆ ಅಕ್ಕ ಎರಡು ದಿನ ಮಾತು ಬಿಟ್ಟಿದ್ದಳು. ಸದ್ದು ಮಾತ್ರ ಖರೇನೇ ಸುಧಾರಿಸಿತು.

ಎದುರಿನವರಿಗೆ ಅವರದೇ ದನಿ ಮರಳಿ ಕೇಳುತ್ತಿದೆ ಅಂದರೆ, ನಿಮ್ಮ ಟಿವಿಯಿಂದ ಬಂದ ಅವರ ಮಾತನ್ನು ನಿಮ್ಮ ಮೈಕ್ ಹಿಡಿಯುತ್ತಿದೆ. ಚಾಟ್ ಟಿವಿಗೆ ಹೋಗದಂತೆ ಮಾಡಿ. ಟಿವಿ ಪೂರ್ತಿ ಮ್ಯೂಟ್ ಆಗಿದ್ದರೂ ಹೀಗಾದರೆ ಹೆಡ್‌ಸೆಟ್ ವಾಲ್ಯೂಮ್ ಇಳಿಸಿ. ಕಿವಿಯ ಗಾದಿಯಿಂದ ಸೋರಿದ ಸದ್ದೇ ಮೈಕ್‌ಗೆ ಹೋಗುತ್ತಿರುತ್ತದೆ. ಬೆವರಿಗೆ ಆ ಗಾದಿಯ ರೆಕ್ಸಿನ್ ಸಿಪ್ಪೆ ಸುಲಿದು ಬರುವುದರಿಂದ ಈ ಸೋರಿಕೆ ಜಾಸ್ತಿಯಾಗುತ್ತದೆ. ಆಡಿದ ಮೇಲೆ ಒಣ ಬಟ್ಟೆಯಿಂದ ಒರೆಸಿಡಿ. ಬಟ್ಟೆಯ ಗಾದಿ ಇರುವ ಹೆಡ್‌ಸೆಟ್ ನಮ್ಮ ಹವೆಗೆ ಹೆಚ್ಚು ಒಗ್ಗುತ್ತದೆ.

ಸಂಜೆ ಏಳಕ್ಕೆ ಅಡುಗೆಮನೆಯಲ್ಲಿ ಅಕ್ಕ ಜೋಳದ ರೊಟ್ಟಿ ಬಡಿಯಲು ಕೂಡುತ್ತಾಳೆ. ಆ ಪಟಪಟ ಸದ್ದಿಗೆ ಕೌದಿಯೂ ಇಲ್ಲ, ಸ್ಪಂಜೂ ಇಲ್ಲ. ಅದಕ್ಕಿರುವುದು ಮ್ಯೂಟ್ ಬಟನ್ ಒಂದೇ. ಅಳಿಯ ಅದನ್ನು ಒತ್ತಲು ಮರೆತರೆ ಪುಣೆಯವನು ಆಟ ನಿಲ್ಲಿಸಿ ಕೇಳುತ್ತಾನೆ, "ಕಾಕಿ ರೊಟ್ಟಿ ಬಡೀಲತ್ತಾಳಲ್ಲ, ಪಲ್ಯ ಏನ್ ಮಾಡ್ಯಾಳ?"